ಕೆರೆಯ ನೀರಿನಲ್ಲಿ ವ್ಯಾಯಾಮಕ್ಕಾಗಿ ಕಯಾಕ್: ಆಯ್ಕೆ, ಹೊಂದಿಕೆ ಮತ್ತು ಸುರಕ್ಷತೆ

(ಕೋಲಾರ, ಮಾಲೂರು, ಮುಳಬಾಗಿಲು ಮತ್ತು ಶ್ರೀನಿವಾಸಪುರ ತಾಲ್ಲೂಕುಗಳ ನಾಗರಿಕರ ಮಾಹಿತಿಗಾಗಿ)

1. ಪೀಠಿಕೆ

ಕೋಲಾರ ಜಿಲ್ಲೆಯಲ್ಲಿ ವರ್ಷವಿಡೀ ಹರಿಯುವ ನದಿಯಿಲ್ಲ. ಪಾಲಾರ್, ಮಾರ್ಕಂಡೇಯ ಮುಂತಾದ ಹೊಳೆಗಳಲ್ಲಿ ಮಳೆಯಾದಾಗ ಮಾತ್ರ ನೀರು ಕಾಣುತ್ತದೆ. ಆದುದರಿಂದ ಜಿಲ್ಲೆಯ ಬೇಸಾಯವೂ ಜನಜೀವನವೂ ಶತಮಾನಗಳಿಂದ ಕೆರೆಗಳನ್ನೇ ಆಶ್ರಯಿಸಿಕೊಂಡು ಬಂದಿವೆ. ಅನೇಕ ವರ್ಷ ಬತ್ತಿದ್ದ ಈ ಕೆರೆಗಳಿಗೆ ಇತ್ತೀಚಿನ ವರ್ಷಗಳಲ್ಲಿ ಮತ್ತೆ ನೀರು ಬಂದಿದೆ. ಬೆಂಗಳೂರಿನ ಕೋರಮಂಗಲ–ಚಲ್ಲಘಟ್ಟ ಕಣಿವೆ ಯೋಜನೆಯ ಸಂಸ್ಕರಿತ ನೀರು 2018ರಲ್ಲಿ ಕೋಲಾರ ತಾಲ್ಲೂಕಿನ ಲಕ್ಷ್ಮೀಸಾಗರ ಕೆರೆಯನ್ನು ತಲುಪಿ, ಅಲ್ಲಿಂದ ಮುಂದಿನ ಕೆರೆಗಳಿಗೆ ಹರಿಯಿತು. 2021ರ ನವೆಂಬರ್ ತಿಂಗಳ ಭಾರಿ ಮಳೆಗೆ ಜಿಲ್ಲೆಯ ಹಲವಾರು ಕೆರೆಗಳು ಬಹುಕಾಲದ ನಂತರ ಕೋಡಿ ಹರಿದವು.

ಕೆರೆಯಲ್ಲಿ ನೀರು ನಿಂತ ಮೇಲೆ ಅದರ ಮೇಲೆ ದೋಣಿ ನಡೆಸಿ ವ್ಯಾಯಾಮ ಮಾಡುವ ಆಸೆ ಕೆಲವರಲ್ಲಿ ಮೂಡುವುದು ಸಹಜ. ಇದಕ್ಕೆ ಒಬ್ಬರೇ ಕುಳಿತು ಇಬ್ಬದಿ ಹುಟ್ಟಿನಿಂದ ನಡೆಸುವ ಕಯಾಕ್ ಎಂಬ ಕಿರುದೋಣಿ ಸೂಕ್ತವಾದುದು. ಆದರೆ ಅಂಗಡಿಯಲ್ಲಿ ಅಥವಾ ಅಂತರಜಾಲದಲ್ಲಿ ಕಾಣುವ ಚಿತ್ರವನ್ನು ನೋಡಿ ದೋಣಿ ಕೊಂಡವರು ಎರಡು ಬಗೆಯ ತೊಂದರೆಗೆ ಒಳಗಾಗುವ ಸಂಭವವಿದೆ. ದೋಣಿ ತೀರಾ ಅಗಲವಾಗಿ ನಿಧಾನವಾದರೆ ಬೇಸರ ಬರುತ್ತದೆ. ತೀರಾ ಕಿರಿದಾಗಿ ವೇಗದ್ದಾದರೆ ಪದೇ ಪದೇ ನೀರಿಗೆ ಬೀಳಬೇಕಾಗುತ್ತದೆ. ನಮ್ಮ ಕೆರೆಗಳ ಮಟ್ಟಿಗೆ ಎರಡನೆಯ ತೊಂದರೆಯೇ ಗಂಭೀರವಾದುದು. ಅದಕ್ಕೆ ಕಾರಣಗಳನ್ನೂ, ವೇಗ ಮತ್ತು ಸ್ಥಿರತೆ ಎರಡನ್ನೂ ಪಡೆಯುವ ಮಾರ್ಗವನ್ನೂ ಇಲ್ಲಿ ವಿವರಿಸಲಾಗಿದೆ.

2. ನಮ್ಮ ಕೆರೆಗಳಲ್ಲಿ ಬೀಳುವುದೇ ಅಪಾಯವೇಕೆ?

ಈಜುಕೊಳದಲ್ಲಿ ದೋಣಿ ಮಗುಚಿದರೆ ಬಟ್ಟೆ ನೆನೆಯುತ್ತದೆ, ಅಷ್ಟೆ. ಕೆರೆಯ ಸ್ಥಿತಿ ಹಾಗಲ್ಲ. ಈ ಕೆಳಕಂಡ ಅಂಶಗಳನ್ನು ಗಮನಿಸತಕ್ಕದ್ದು.

(ಅ) ಕೆರೆಯಂಗಳದ ಗುಂಡಿಗಳು: ಬತ್ತಿದ್ದ ವರ್ಷಗಳಲ್ಲಿ ಕೆರೆಯಂಗಳದಿಂದ ಮಣ್ಣು, ಮರಳು ತೆಗೆದಿರುವುದುಂಟು. ಹೆಂಚು ಮತ್ತು ಇಟ್ಟಿಗೆಗೆ ಹೆಸರಾದ ಮಾಲೂರಿನ ಸುತ್ತಮುತ್ತ ಜೇಡಿಮಣ್ಣಿಗೆ ಸದಾ ಬೇಡಿಕೆ ಇದೆ. ಇಂತಹ ಗುಂಡಿಗಳು ಈಗ ನೀರಿನಡಿ ಮುಚ್ಚಿಹೋಗಿವೆ. ಮೊಣಕಾಲುದ್ದ ನೀರಿನಲ್ಲಿ ನಡೆಯುತ್ತಿರುವವರು ಮುಂದಿನ ಹೆಜ್ಜೆಗೆ ಆಳಕ್ಕೆ ಜಾರಬಹುದು.

(ಆ) ಕೆಸರು: ಹೂಳು ತುಂಬಿದ ಕೆರೆಯಲ್ಲಿ ಕಾಲು ಹೂತುಕೊಳ್ಳುತ್ತದೆ. ನೀರು ಎದೆಯುದ್ದ ಮಾತ್ರವಿದ್ದರೂ ನಿಂತು ದೋಣಿ ಹತ್ತುವುದು ಅಸಾಧ್ಯವಾಗಬಹುದು.

(ಇ) ಜಾಲಿ ಗಿಡಗಳು: ಕೆರೆ ಒಣಗಿದ್ದಾಗ ಬೆಳೆದ ಬಳ್ಳಾರಿ ಜಾಲಿಯ ಮೋಟುಗಳೂ ಮುಳ್ಳುಗಳೂ ನೀರಿನಡಿ ಉಳಿದಿರುತ್ತವೆ. ಗಣೇಶನ ವಿಸರ್ಜನೆ ನಡೆಯುವ ಸ್ಥಳಗಳಲ್ಲಿ ಮೂರ್ತಿಯ ಕಬ್ಬಿಣದ ಸರಳು, ಮರದ ಚೌಕಟ್ಟು ಸಿಗುವುದುಂಟು.

(ಈ) ಮೀನಿನ ಬಲೆಗಳು: ಸಂಜೆ ಬಿಟ್ಟ ಬಲೆಯನ್ನು ಮೀನುಗಾರರು ಬೆಳಗಿನ ಜಾವ ಎತ್ತುತ್ತಾರೆ. ಬಿದ್ದವರ ಕೈಕಾಲು ಬಲೆಗೆ ಸಿಕ್ಕಿಕೊಂಡರೆ ಈಜು ಬಲ್ಲವರೂ ಮುಳುಗಬಹುದು.

(ಉ) ನೀರಿನ ಗುಣಮಟ್ಟ: ಕೋರಮಂಗಲ–ಚಲ್ಲಘಟ್ಟ ಕಣಿವೆ ಯೋಜನೆಯಡಿ ಕೆರೆಗಳಿಗೆ ಬಂದಿರುವುದು ಎರಡನೆಯ ಹಂತದವರೆಗೆ ಸಂಸ್ಕರಿಸಿದ ನೀರು. ಅಂತರ್ಜಲವನ್ನು ಹೆಚ್ಚಿಸುವುದು ಅದರ ಉದ್ದೇಶ. ಸ್ನಾನ ಅಥವಾ ಈಜು ಅದರ ಉದ್ದೇಶವಲ್ಲ. ಈ ಹಂತದ ಸಂಸ್ಕರಣೆಯಿಂದ ರೋಗಾಣುಗಳು ಸಂಪೂರ್ಣವಾಗಿ ನಾಶವಾಗುವುದಿಲ್ಲ. ಊರ ಚರಂಡಿ ಸೇರುವ ಕೆರೆಗಳಿಗೂ ಇದೇ ಮಾತು ಅನ್ವಯಿಸುತ್ತದೆ. ಕೇಂದ್ರ ಮಾಲಿನ್ಯ ನಿಯಂತ್ರಣ ಮಂಡಳಿಯ ವರ್ಗೀಕರಣದಲ್ಲಿ ಬಯಲು ಸ್ನಾನಕ್ಕೆ ಯೋಗ್ಯವಾದ ನೀರು 'ಬಿ' ದರ್ಜೆಯದು. ಅದರ 100 ಮಿ.ಲೀ.ನಲ್ಲಿ ಕೋಲಿಫಾರ್ಮ್ ಜೀವಾಣುಗಳ ಸಂಖ್ಯೆ 500 ಮೀರಿರಬಾರದು. ಮೈ ನೀರಿಗೆ ತಾಗುವ ವ್ಯಾಯಾಮಕ್ಕೆ ಈ ದರ್ಜೆಯನ್ನೇ ಅಳತೆಗೋಲಾಗಿ ಇಟ್ಟುಕೊಳ್ಳುವುದು ಸೂಕ್ತ.

ಈ ಎಲ್ಲ ಕಾರಣಗಳಿಂದ ನಮ್ಮ ಕೆರೆಗಳಲ್ಲಿ ದೋಣಿಯ ಸ್ಥಿರತೆ ಎಂಬುದು ಅನುಕೂಲದ ಮಾತಲ್ಲ, ಸುರಕ್ಷತೆಯ ಮೊದಲ ಅಂಗ. ದಣಿದಾಗಲೂ ಗಾಳಿ ಎದ್ದಾಗಲೂ ಬೀಳದೆ ಕುಳಿತಿರಬಲ್ಲ ದೋಣಿಗಳಲ್ಲಿ ಅತ್ಯಂತ ವೇಗದ್ದು ಯಾವುದೋ ಅದನ್ನೇ ಆರಿಸಿಕೊಳ್ಳಬೇಕು. ಅತ್ಯಂತ ವೇಗದ ದೋಣಿಯನ್ನು ಕೊಂಡು ಆಮೇಲೆ ಅದರಲ್ಲಿ ಕೂರುವುದನ್ನು ಕಲಿಯಹೊರಡುವುದು ತಕ್ಕ ಕ್ರಮವಲ್ಲ.

3. ವೇಗ ಮತ್ತು ಸ್ಥಿರತೆ ಎಲ್ಲಿಂದ ಬರುತ್ತವೆ?

ಕಾವೇರಿ, ತುಂಗಭದ್ರೆಗಳಲ್ಲಿ ನಡೆಯುವ ಹರಿಗೋಲನ್ನು ಅನೇಕರು ನೋಡಿರುತ್ತಾರೆ. ಬುಟ್ಟಿಯಂತೆ ದುಂಡಾಗಿ ಅಗಲವಾಗಿರುವ ಹರಿಗೋಲು ಸುಲಭವಾಗಿ ಮಗುಚುವುದಿಲ್ಲ. ಆದರೆ ಅದಕ್ಕೆ ಮುಂದು ಹಿಂದು ಎಂಬುದಿಲ್ಲ. ಒಂದು ಕಡೆ ಹುಟ್ಟು ಹಾಕಿದರೆ ತಿರುಗುತ್ತದೆ, ವೇಗವಾಗಿ ಸಾಗುವುದಿಲ್ಲ. ಇನ್ನೊಂದು ತುದಿಯಲ್ಲಿರುವುದು ಸ್ಪರ್ಧೆಯ ಒಂಟಿ ಕಯಾಕ್. 1936ರ ಬರ್ಲಿನ್ ಒಲಿಂಪಿಕ್ಸ್‌ನಿಂದ ಕಯಾಕ್ ಓಟದ ಸ್ಪರ್ಧೆಗಳು ನಡೆಯುತ್ತಿವೆ. ಸ್ಪರ್ಧೆಯ ಒಂಟಿ ದೋಣಿ 5.2 ಮೀಟರ್‌ವರೆಗೆ ಉದ್ದವಾಗಿದ್ದು, ನೀರಿನ ಮಟ್ಟದಲ್ಲಿ ಅತಿ ಕಿರಿದಾಗಿರುತ್ತದೆ. ಅಭ್ಯಾಸವಿಲ್ಲದವರು ಅದರಲ್ಲಿ ಕುಳಿತ ಕ್ಷಣದಲ್ಲೇ ಬೀಳುವುದು ಸಾಮಾನ್ಯ. ವ್ಯಾಯಾಮದ ಕಯಾಕ್ ಈ ಎರಡರ ನಡುವಿನ ದೋಣಿ.

ಉದ್ದ: ದೋಣಿಯ ವೇಗದ ಮೇಲ್ಮಿತಿಯನ್ನು ಮುಖ್ಯವಾಗಿ ನಿರ್ಧರಿಸುವುದು ಅದು ನೀರಿಗೆ ತಾಗುವ ಉದ್ದ. ಈ ಉದ್ದದ (ಮೀಟರ್‌ಗಳಲ್ಲಿ) ವರ್ಗಮೂಲವನ್ನು 4.5ರಿಂದ ಗುಣಿಸಿದರೆ, ದೋಣಿ ತಾನೇ ಎಬ್ಬಿಸಿದ ಅಲೆಯನ್ನು ಹತ್ತಲಾರದೆ ಭಾರವಾಗತೊಡಗುವ ವೇಗ ಸುಮಾರಾಗಿ ಸಿಗುತ್ತದೆ. ಇದರಂತೆ 3 ಮೀಟರ್ ದೋಣಿಗೆ ಗಂಟೆಗೆ ಸುಮಾರು 7.8 ಕಿ.ಮೀ., 4.5 ಮೀಟರ್ ದೋಣಿಗೆ ಸುಮಾರು 9.5 ಕಿ.ಮೀ., 5.2 ಮೀಟರ್ ದೋಣಿಗೆ ಸುಮಾರು 10.3 ಕಿ.ಮೀ. ಆಗುತ್ತದೆ. ಸಾಮಾನ್ಯ ದೇಹಶಕ್ತಿಯ ನಾಗರಿಕರು ಒಂದು ಗಂಟೆ ಕಾಲ ಉಳಿಸಿಕೊಳ್ಳಬಲ್ಲ ವೇಗ ಗಂಟೆಗೆ 6ರಿಂದ 8 ಕಿ.ಮೀ. ಆದುದರಿಂದ 3 ಮೀಟರ್ ದೋಣಿ ಅವರನ್ನು ತಡೆಯುತ್ತದೆ, 4.5 ಮೀಟರ್ ದೋಣಿ ತಡೆಯುವುದಿಲ್ಲ. ಅದಕ್ಕಿಂತ ಬಹಳ ಉದ್ದವಾದರೆ ನೀರಿಗೆ ಉಜ್ಜುವ ಮೈ ಹೆಚ್ಚಾಗುವುದರಿಂದ, ನಿಧಾನವಾಗಿ ಸಾಗುವವರಿಗೆ ಲಾಭಕ್ಕಿಂತ ಶ್ರಮವೇ ಹೆಚ್ಚು.

ಅಗಲ: ದೋಣಿಯ ಆಕಾರದಿಂದ ಬರುವ ಸ್ಥಿರತೆ, ನೀರಿನ ಮಟ್ಟದಲ್ಲಿರುವ ಅಗಲದ ಘನಕ್ಕೆ ಅನುಗುಣವಾಗಿ ಹೆಚ್ಚುತ್ತದೆ. ಅಗಲ 50 ಸೆಂ.ಮೀ.ನಿಂದ 60 ಸೆಂ.ಮೀ.ಗೆ ಏರಿದರೆ ಹೆಚ್ಚಿದ್ದು ಐದರಲ್ಲಿ ಒಂದು ಭಾಗ. ಆದರೆ ಸ್ಥಿರತೆ ಸುಮಾರು 1.7 ಪಟ್ಟು ಆಗುತ್ತದೆ. ವೇಗದಲ್ಲಾಗುವ ನಷ್ಟ ಇದಕ್ಕೆ ಹೋಲಿಸಿದರೆ ಅಲ್ಪ. ಹೀಗಾಗಿ ಕೆಲವೇ ಸೆಂಟಿಮೀಟರ್ ಅಗಲವನ್ನು ಬಿಟ್ಟುಕೊಡುವುದು ಹೊಸಬರಿಗೆ ದುಬಾರಿಯಾಗುತ್ತದೆ.

ಎತ್ತರ: ಕುಳಿತವರ ದೇಹಭಾರ ಎಷ್ಟು ಕೆಳಗಿರುತ್ತದೆಯೋ ದೋಣಿ ಅಷ್ಟು ಸ್ಥಿರ. ಆಸನವನ್ನು ಒಂದೆರಡು ಸೆಂ.ಮೀ. ಇಳಿಸಿದರೂ ವ್ಯತ್ಯಾಸ ತಿಳಿಯುತ್ತದೆ. ಹಣ ಖರ್ಚಿಲ್ಲದೆ ಸ್ಥಿರತೆ ಹೆಚ್ಚಿಸುವ ಮಾರ್ಗ ಇದು.

ತಳದ ಆಕಾರ: ಚಪ್ಪಟೆ ತಳದ ದೋಣಿ ನಿಂತ ನೀರಿನಲ್ಲಿ ಗಟ್ಟಿಯಾಗಿ ಕೂರುತ್ತದೆ, ಆದರೆ ಬದಿಯಿಂದ ಅಲೆ ಬಂದಾಗ ಅಲೆಯೊಡನೆ ತಾನೂ ವಾಲುತ್ತದೆ. ದುಂಡು ತಳದ ದೋಣಿ ಮೊದಲು ಅಲುಗಾಡುತ್ತದೆ. ಮೇಲಕ್ಕೆ ಹೋದಂತೆ ಅದರ ಬದಿಗಳು ಅಗಲವಾಗಿದ್ದರೆ ಒಂದು ಮಟ್ಟಿಗೆ ವಾಲಿದ ಮೇಲೆ ಅದು ಹಿಡಿದು ನಿಲ್ಲುತ್ತದೆ. ಮೊದಲನೆಯದನ್ನು ಆರಂಭಿಕ ಸ್ಥಿರತೆ, ಎರಡನೆಯದನ್ನು ಅಂತಿಮ ಸ್ಥಿರತೆ ಎನ್ನಬಹುದು. ವ್ಯಾಯಾಮದ ದೋಣಿಗೆ ಎರಡೂ ತಕ್ಕಮಟ್ಟಿಗೆ ಬೇಕು. ಆರಂಭಿಕರು ಮೊದಲನೆಯದಕ್ಕೆ ಹೆಚ್ಚು ಗಮನ ಕೊಡತಕ್ಕದ್ದು.

4. ಆಯ್ಕೆಯ ಮಾನದಂಡಗಳು

ಮೇಲ್ಕಂಡ ಕಾರಣಗಳಿಂದ, ಮೊದಲ ಬಾರಿಗೆ ವ್ಯಾಯಾಮದ ಕಯಾಕ್ ಕೊಳ್ಳುವವರಿಗೆ ಈ ಅಳತೆಗಳು ಸೂಕ್ತ:

- ಉದ್ದ: 4.2ರಿಂದ 5 ಮೀಟರ್.
- ಅಗಲ: 55ರಿಂದ 62 ಸೆಂ.ಮೀ. ಎತ್ತರದ ಅಥವಾ ಭಾರದ ದೇಹದವರು ಹೆಚ್ಚಿನ ಅಗಲವನ್ನೇ ಆರಿಸಿಕೊಳ್ಳುವುದು ಒಳಿತು.
- ಭಾರ ಹೊರುವ ಸಾಮರ್ಥ್ಯ: ನಡೆಸುವವರ ತೂಕವೂ ಸಾಮಾನಿನ ತೂಕವೂ ಸೇರಿ, ತಯಾರಕರು ಹೇಳಿದ ಗರಿಷ್ಠ ಮಿತಿಯ ಮೂರನೇ ಎರಡು ಭಾಗವನ್ನು ಮೀರದಿರುವುದು ಉತ್ತಮ.
- ಚುಕ್ಕಾಣಿ: ಇದ್ದರೆ ಒಳ್ಳೆಯದು. ಅಡ್ಡಗಾಳಿಯಲ್ಲಿ ದೋಣಿಯನ್ನು ನೇರವಾಗಿ ಹಿಡಿದಿಡುವುದು ಇದರ ಮುಖ್ಯ ಕೆಲಸ.
- ತೇಲುವ ಏರ್ಪಾಡು: ದೋಣಿಯ ಮುಂದೆ ಮತ್ತು ಹಿಂದೆ ನೀರು ನುಗ್ಗದಂತೆ ಅಡ್ಡಗೋಡೆ ಇರಬೇಕು ಅಥವಾ ಗಾಳಿಚೀಲ ಕಟ್ಟಿರಬೇಕು. ಇವೆರಡೂ ಇಲ್ಲದ ದೋಣಿ ಮಗುಚಿದರೆ ನೂರು ಲೀಟರಿಗೂ ಹೆಚ್ಚು ನೀರು, ಎಂದರೆ ನೂರು ಕಿಲೋಗೂ ಹೆಚ್ಚು ಭಾರ ತುಂಬಿಕೊಳ್ಳಬಹುದು. ಅದನ್ನು ನೀರಿನ ನಡುವೆ ಒಬ್ಬರೇ ಖಾಲಿ ಮಾಡಲಾಗದು.

ಒಳಗೆ ಕಾಲು ಚಾಚಿ ಕೂರುವ ದೋಣಿ ಮತ್ತು ಮೇಲೆ ಕೂರುವ ದೋಣಿ ಎಂದು ಎರಡು ಬಗೆಗಳಿವೆ. ಮೇಲೆ ಕೂರುವ ಬಗೆಯಲ್ಲಿ ಬಿದ್ದರೂ ದೋಣಿಯೊಳಗೆ ಸಿಕ್ಕಿಕೊಳ್ಳುವ ಭಯವಿಲ್ಲ, ನೀರು ತಾನೇ ಹೊರಹೋಗುತ್ತದೆ, ಮತ್ತೆ ಹತ್ತುವುದೂ ಸುಲಭ. ಸಮುದ್ರತೀರದಲ್ಲಿ ಬಳಸುವ ಸರ್ಫ್‌ಸ್ಕೀ ಎಂಬ ಉದ್ದನೆಯ ದೋಣಿಯೂ ಇದೇ ಜಾತಿಯದು. ಅದರಲ್ಲಿ ಅಗಲವಾದ ಮಾದರಿಗಳು ವ್ಯಾಯಾಮಕ್ಕೆ ಚೆನ್ನಾಗಿ ಒಗ್ಗುತ್ತವೆ. ಒಳಗೆ ಕೂರುವ ದೋಣಿಯಲ್ಲಿ ಮೈ ಕಡಿಮೆ ನೆನೆಯುತ್ತದೆ. ನೀರಿನ ಗುಣಮಟ್ಟದ ದೃಷ್ಟಿಯಿಂದ ಇದೂ ಒಂದು ಅನುಕೂಲವೇ. ಸೊಂಟಕ್ಕೆ ಬಿಗಿಯುವ ನೀರುತಡೆ ಬಟ್ಟೆಯನ್ನು ಮಾತ್ರ, ಮಗುಚಿದ ದೋಣಿಯಿಂದ ಹೊರಬರುವುದನ್ನು ತರಬೇತುದಾರರ ಎದುರಿನಲ್ಲಿ ಕಲಿಯದೆ ಬಳಸಕೂಡದು.

ದಾಂಡೇಲಿಯ ಬಳಿ ಕಾಳಿ ನದಿಯಂತಹ ರಭಸದ ನೀರಿನಲ್ಲಿ ಬಳಸುವ ಗಿಡ್ಡ ಕಯಾಕ್ ಬೇರೆಯೇ ಉದ್ದೇಶದ್ದು. ಬಂಡೆಗಳ ನಡುವೆ ಥಟ್ಟನೆ ತಿರುಗಲೆಂದೇ ಅದನ್ನು ರೂಪಿಸಲಾಗಿದೆ. ನಿಂತ ನೀರಿನಲ್ಲಿ ಅದು ನೇರವಾಗಿ ಸಾಗುವುದಿಲ್ಲ. ಪ್ರವಾಸದಲ್ಲಿ ಅದನ್ನು ನಡೆಸಿ ಸಂತೋಷಪಟ್ಟವರು ಅದೇ ಬಗೆಯನ್ನು ಕೆರೆಗೆಂದು ಕೊಳ್ಳದಿರುವುದು ಒಳಿತು.

ತಯಾರಿಕೆಯ ವಸ್ತು: ಪಾಲಿಥೀನ್ ದೋಣಿ ಭಾರ (ಸಾಮಾನ್ಯವಾಗಿ 22ರಿಂದ 30 ಕೆ.ಜಿ.), ಆದರೆ ಏರಿಯ ಕಲ್ಲುಕಟ್ಟಡಕ್ಕೂ ಜಾಲಿ ಮೋಟಿಗೂ ತಡೆಯುತ್ತದೆ. ಫೈಬರ್‌ಗ್ಲಾಸ್ ಹಗುರ ಮತ್ತು ನುಣುಪು. ಕಲ್ಲಿಗೆ ತಾಗಿದರೆ ಬಿರುಕು ಬಿಡುತ್ತದೆ. ಕಾರ್ಬನ್ ಇನ್ನೂ ಹಗುರ, ಬೆಲೆ ಬಹಳ ಹೆಚ್ಚು. ಗಾಳಿ ತುಂಬುವ ದೋಣಿಯನ್ನು ಮನೆಯಲ್ಲಿಡುವುದು ಸುಲಭವಾದರೂ ಜಾಲಿ ಮುಳ್ಳಿರುವ ಕೆರೆಗೆ ಅದು ತಕ್ಕದ್ದಲ್ಲ. ಜಿಲ್ಲೆಯ ಕೆರೆಗಳಿಗೆ ಮೊದಲ ದೋಣಿಯಾಗಿ ಪಾಲಿಥೀನ್ ದೋಣಿಯೇ ಹೆಚ್ಚು ಸೂಕ್ತ.

ಕೊಳ್ಳುವಾಗ ದೋಣಿಯ ಮಾದರಿ, ಉದ್ದ, ಅಗಲ, ತೂಕ, ಹೊರುವ ಸಾಮರ್ಥ್ಯ ಇವುಗಳನ್ನು ನಮೂದಿಸಿದ ಬಿಲ್ ಮತ್ತು ವಾರಂಟಿ ಪತ್ರವನ್ನು ಕೇಳಿ ಪಡೆಯತಕ್ಕದ್ದು. ಹಳೆಯ ದೋಣಿಯಾದರೆ ತಳವನ್ನು ಬಿಸಿಲಿಗೆ ಹಿಡಿದು ಬಿರುಕು ಮತ್ತು ತಗ್ಗುಗಳನ್ನು ಪರೀಕ್ಷಿಸಬೇಕು. ಮುಂದಿನ ಹಿಂದಿನ ಕೋಣೆಗಳಿಗೆ ಒಂದು ಬಕೆಟ್ ನೀರು ಸುರಿದು ಅಡ್ಡಗೋಡೆ ಸೋರುವುದೇ ಎಂದು ನೋಡಬೇಕು.

5. ಕೊಳ್ಳುವ ಮುನ್ನ ಮಾಡಬೇಕಾದ ಪರೀಕ್ಷೆ

ಸಾಧ್ಯವಿದ್ದಲ್ಲಿ ದೋಣಿಯನ್ನು ನೀರಿನಲ್ಲಿ ಕುಳಿತು ನೋಡಿಯೇ ಕೊಳ್ಳಬೇಕು. ತಳ ಗಟ್ಟಿಯಿರುವ, ಸೊಂಟಮಟ್ಟದ ಶುದ್ಧ ನೀರಿನಲ್ಲಿ ಲೈಫ್ ಜಾಕೆಟ್ ಧರಿಸಿ, ಪಕ್ಕದಲ್ಲಿ ಒಬ್ಬರನ್ನು ನಿಲ್ಲಿಸಿಕೊಂಡು ಕೆಳಕಂಡವನ್ನು ಅನುಕ್ರಮವಾಗಿ ಮಾಡತಕ್ಕದ್ದು:

1) ಹುಟ್ಟನ್ನು ತೊಡೆಯ ಮೇಲಿಟ್ಟು ಒಂದು ನಿಮಿಷ ಅಲುಗಾಡದೆ ಕೂರುವುದು.
2) ಹಿಂದಿನಿಂದ ಯಾರೋ ಕರೆದಂತೆ ಎರಡೂ ಕಡೆಗೆ ಕತ್ತು ಮತ್ತು ಭುಜ ತಿರುಗಿಸುವುದು.
3) ನೀರಿನ ಬಾಟಲಿ ತೆಗೆದು, ತಲೆ ಎತ್ತಿ ನೀರು ಕುಡಿಯುವುದು.
4) ಹತ್ತು ಸಲ ಬಲವಾಗಿ ಹುಟ್ಟು ಹಾಕಿ, ಥಟ್ಟನೆ ನಿಲ್ಲಿಸಿ, ಹುಟ್ಟನ್ನು ನೀರಿನಿಂದ ಮೇಲೆತ್ತುವುದು.
5) ಇಪ್ಪತ್ತು ನಿಮಿಷ ನಡೆಸಿ ದಣಿದ ನಂತರ ಈ ನಾಲ್ಕನ್ನೂ ಮತ್ತೊಮ್ಮೆ ಮಾಡುವುದು.

ಹುಟ್ಟು ನೀರಿಗೆ ತಾಗಿಸಿದಾಗ ಮಾತ್ರ ನೆಟ್ಟಗೆ ನಿಲ್ಲುವ ದೋಣಿ ಸದ್ಯಕ್ಕೆ ಆ ವ್ಯಕ್ತಿಗೆ ತಕ್ಕದ್ದಲ್ಲ. ಬೀಳುವ ಭಯವಿರುವವರು ಮೈ ಬಿಗಿಹಿಡಿದು ತೋಳಿನಿಂದ ಮಾತ್ರ ಹುಟ್ಟು ಹಾಕುತ್ತಾರೆ. ಸೊಂಟ ಮತ್ತು ಕಾಲಿನ ಬಲ ಬಳಕೆಗೆ ಬರುವುದಿಲ್ಲ. ಅಂತಹವರು ಕಿರಿದಾದ ದೋಣಿಯಲ್ಲಿ ಸಾಗುವುದಕ್ಕಿಂತ ನಾಲ್ಕು ಬೆರಳು ಅಗಲವಾದ ದೋಣಿಯಲ್ಲಿ ವೇಗವಾಗಿ ಸಾಗುತ್ತಾರೆ.

6. ದೋಣಿಯನ್ನು ಮೈಗೆ ಹೊಂದಿಸುವುದು

ಒಳ್ಳೆಯ ದೋಣಿಯೂ ಹೊಂದಿಸದಿದ್ದರೆ ಒಳ್ಳೆಯ ಫಲ ಕೊಡದು. ಹೊಲಿಸಿದ ಅಂಗಿಯಂತೆ ಅದು ಮೈಗೆ ಒಪ್ಪಬೇಕು.

ಆಸನ: ಮೊದಲು ಅತಿ ಕೆಳಗಿನ ಮಟ್ಟದಲ್ಲಿರಿಸುವುದು. ಎತ್ತರದ ಆಸನದಿಂದ ಹುಟ್ಟು ಹಾಕಲು ಅನುಕೂಲವಾಗುವುದು ನಿಜ. ಆದರೆ ಮೇಲ್ಕಂಡ ಪರೀಕ್ಷೆಯಲ್ಲಿ ಸಲೀಸಾಗಿ ಗೆದ್ದ ಮೇಲೆಯೇ ಒಂದೊಂದು ಸೆಂ.ಮೀ.ನಂತೆ ಏರಿಸಬೇಕು. ಸೊಂಟದ ಎರಡೂ ಬದಿಗೆ ಒಂದೆರಡು ಬೆರಳಿನಷ್ಟು ಮಾತ್ರ ಸಂದು ಇರಲಿ. ಹೆಚ್ಚಿದ್ದರೆ ಫೋಮ್ ತುಂಡು ಅಂಟಿಸಬಹುದು.

ಕಾಲಿನ ಆಧಾರ: ಪಾದದ ಮುಂಭಾಗ ಆಧಾರಕ್ಕೆ ಗಟ್ಟಿಯಾಗಿ ಒತ್ತಬೇಕು, ಮೊಣಕಾಲು ಸ್ವಲ್ಪ ಮಡಿಸಿ ಮೇಲಕ್ಕಿರಬೇಕು. ಕಾಲು ಪೂರ್ತಿ ಚಾಚಿದರೆ ಬೆನ್ನು ನೋಯುತ್ತದೆ. ಬಲಗಡೆ ಹುಟ್ಟು ಹಾಕುವಾಗ ಬಲಗಾಲಿನಿಂದ, ಎಡಗಡೆ ಹಾಕುವಾಗ ಎಡಗಾಲಿನಿಂದ ಒತ್ತಿದಾಗ ಸೊಂಟ ತಿರುಗುತ್ತದೆ. ದೋಣಿಯನ್ನು ಮುಂದೆ ನೂಕುವ ಬಲ ಅಲ್ಲಿಂದಲೇ ಹುಟ್ಟುತ್ತದೆ.

ಬೆನ್ನಿನ ಆಧಾರ: ಸೊಂಟದ ಮಟ್ಟಕ್ಕೆ ಮಾತ್ರ ಇರಲಿ. ಆರಾಮಕುರ್ಚಿಯಲ್ಲಿ ಒರಗಿದಂತೆ ಒರಗಬಾರದು. ನೆಟ್ಟಗೆ, ತುಸು ಮುಂದಕ್ಕೆ ಬಾಗಿ ಕೂರಬೇಕು.

ಸಮತೋಲ: ದಡದಲ್ಲಿರುವ ಸ್ನೇಹಿತರು ಬದಿಯಿಂದ ನೋಡಿ, ದೋಣಿಯ ಮೂಗು ಎದ್ದಿದೆಯೇ ಮುಳುಗಿದೆಯೇ ಎಂದು ಹೇಳಬೇಕು. ಮೂಗು ಎದ್ದಿದ್ದರೆ ಆಸನವನ್ನು ಮುಂದಕ್ಕೆ, ಮುಳುಗಿದ್ದರೆ ಹಿಂದಕ್ಕೆ ಸರಿಸಬೇಕು. ಮೂಗು ಎದ್ದ ದೋಣಿಯನ್ನು ಗಾಳಿ ಸುಲಭವಾಗಿ ತಿರುಗಿಸುತ್ತದೆ.

ಹುಟ್ಟು: ಈ ಅಗಲದ ದೋಣಿಗೆ 210ರಿಂದ 220 ಸೆಂ.ಮೀ. ಉದ್ದದ ಇಬ್ಬದಿ ಹುಟ್ಟು ಸಾಕಾಗುತ್ತದೆ. ಅಲಗು ಚಿಕ್ಕದಿರಲಿ. ದೊಡ್ಡ ಅಲಗು ಭುಜಕ್ಕೆ ನೋವು ತರುತ್ತದೆ. ಹುಟ್ಟನ್ನು ತಲೆಯ ಮೇಲೆ ಅಡ್ಡಲಾಗಿಟ್ಟು ಹಿಡಿದಾಗ ಎರಡೂ ಮೊಣಕೈಗಳು ಲಂಬಕೋನದಲ್ಲಿ ಮಡಿಸಿದ್ದರೆ ಕೈಗಳ ಅಂತರ ಸರಿಯಾಗಿದೆ ಎಂದರ್ಥ. ಅಲ್ಲಿ ಬಣ್ಣದ ಟೇಪು ಸುತ್ತಿಕೊಳ್ಳಬಹುದು. ಚಮಚದಂತೆ ಬಾಗಿದ ಸ್ಪರ್ಧಾ ಹುಟ್ಟನ್ನು ಆರಂಭಿಕರು ಕೊಳ್ಳಬೇಕಾಗಿಲ್ಲ.

7. ಕೆರೆಯ ಆಯ್ಕೆ ಮತ್ತು ಒಪ್ಪಿಗೆ

ಎಲ್ಲ ಕೆರೆಗಳೂ ದೋಣಿಗೆ ಮುಕ್ತವಲ್ಲ. ಸಾಮಾನ್ಯವಾಗಿ 40 ಹೆಕ್ಟೇರ್‌ಗಿಂತ ಹೆಚ್ಚು ಅಚ್ಚುಕಟ್ಟು ಪ್ರದೇಶವಿರುವ ಕೆರೆಗಳು ಸಣ್ಣ ನೀರಾವರಿ ಇಲಾಖೆಯ ಮತ್ತು ಅದಕ್ಕಿಂತ ಚಿಕ್ಕವು ಪಂಚಾಯತ್ ರಾಜ್ ಸಂಸ್ಥೆಗಳ ವ್ಯಾಪ್ತಿಯಲ್ಲಿವೆ. ಅನೇಕ ಕೆರೆಗಳಲ್ಲಿ ಮೀನು ಹಿಡಿಯುವ ಹಕ್ಕನ್ನು ಗುತ್ತಿಗೆಗೆ ಕೊಡಲಾಗಿರುತ್ತದೆ. ನಾಗರಿಕರು ಮೊದಲು ಆಯಾ ಗ್ರಾಮ ಪಂಚಾಯಿತಿಯಲ್ಲಾಗಲಿ ನಗರ ಸ್ಥಳೀಯ ಸಂಸ್ಥೆಯಲ್ಲಾಗಲಿ ವಿಚಾರಿಸಿ, ಕೆರೆ ಯಾವ ಕಚೇರಿಯ ವ್ಯಾಪ್ತಿಯಲ್ಲಿದೆ ಎಂಬುದನ್ನು ತಿಳಿದು, ಆ ಕಚೇರಿಯ ಲಿಖಿತ ಒಪ್ಪಿಗೆ ಪಡೆಯುವುದು ಸೂಕ್ತ. ಅರ್ಜಿಯಲ್ಲಿ ಕೆರೆಯ ಹೆಸರು, ಗ್ರಾಮ, ಸರ್ವೆ ನಂಬರು, ದೋಣಿಯ ವಿವರ, ಬಳಸುವ ದಿನ ಮತ್ತು ವೇಳೆ, ಸುರಕ್ಷತಾ ಏರ್ಪಾಡುಗಳನ್ನು ಸ್ಪಷ್ಟವಾಗಿ ಬರೆದರೆ ಪರಿಶೀಲನೆ ಸುಲಭವಾಗುತ್ತದೆ.

ಕುಡಿಯುವ ನೀರಿನ ಆಕರಗಳನ್ನು ಈ ಉದ್ದೇಶಕ್ಕೆ ಪರಿಗಣಿಸತಕ್ಕದ್ದಲ್ಲ. ಕೋಲಾರ, ಮಾಲೂರು ಮತ್ತು ಬಂಗಾರಪೇಟೆ ಪಟ್ಟಣಗಳ ಕುಡಿಯುವ ನೀರಿಗಾಗಿ ಮಾರ್ಕಂಡೇಯ ನದಿಗೆ ಕಟ್ಟಿದ ಯರಗೋಳ್ ಜಲಾಶಯ ಇದಕ್ಕೆ ಉದಾಹರಣೆ. ಸಂಸ್ಕರಿತ ನೀರು ಅಥವಾ ಚರಂಡಿ ನೀರು ಸೇರುವ ಕೆರೆಗಳನ್ನೂ ಬಿಡುವುದು ಲೇಸು. ಮಳೆ ನೀರಿನಿಂದಲೇ ತುಂಬುವ ಕೆರೆ ದೊರೆತರೆ, ನೀರಿನ ಪರೀಕ್ಷೆಯ ವರದಿ ನೋಡಿ ತೀರ್ಮಾನಿಸುವುದು ಉತ್ತಮ. ಅಂತಹ ಕೆರೆ ಸಮೀಪದಲ್ಲಿಲ್ಲದಿದ್ದರೆ, ತರಬೇತಿ ಮತ್ತು ಮೇಲ್ವಿಚಾರಣೆ ಇರುವ ಜಲಕ್ರೀಡಾ ಕೇಂದ್ರಕ್ಕೆ ವಾರಕ್ಕೊಮ್ಮೆ ಹೋಗಿಬರುವುದು ಮೇಲು. ಸಾಹಸ ಕ್ರೀಡೆಗಳ ತರಬೇತಿಯ ಬಗ್ಗೆ ಯುವ ಸಬಲೀಕರಣ ಮತ್ತು ಕ್ರೀಡಾ ಇಲಾಖೆಯ ಜಿಲ್ಲಾ ಕಚೇರಿಯಲ್ಲಿ ಹಾಗೂ ಬೆಂಗಳೂರಿನ ಜನರಲ್ ತಿಮ್ಮಯ್ಯ ರಾಷ್ಟ್ರೀಯ ಸಾಹಸ ಅಕಾಡೆಮಿಯಲ್ಲಿ ವಿಚಾರಿಸಬಹುದು.

ಒಪ್ಪಿಗೆ ದೊರೆತ ಮೇಲೂ ಕೆರೆಯನ್ನು ಬಲ್ಲವರು ಅಲ್ಲಿನ ಮೀನುಗಾರರು. ಗುಂಡಿ ಎಲ್ಲಿದೆ, ಹಳೆಯ ಬಾವಿ ಎಲ್ಲಿ ಮುಳುಗಿದೆ, ಬಲೆ ಎಲ್ಲಿ ಬಿಡುತ್ತಾರೆ ಎಂಬುದು ಅವರಿಗೆ ಗೊತ್ತು. ಅವರನ್ನು ಮೊದಲೇ ಕಂಡು ಮಾತನಾಡತಕ್ಕದ್ದು. ಬಲೆಗೆ ದೋಣಿ ತಾಗಿ ಹರಿದರೆ ನಷ್ಟವಾಗುವುದು ಅವರ ಅನ್ನಕ್ಕೆ ಎಂಬುದನ್ನು ಮರೆಯಬಾರದು.

8. ನೀರಿಗಿಳಿಯುವವರು ಪಾಲಿಸಬೇಕಾದ ನಿಯಮಗಳು

1) ಲೈಫ್ ಜಾಕೆಟ್ ಅನ್ನು ದೋಣಿಯಲ್ಲಿ ಇಟ್ಟುಕೊಂಡರೆ ಸಾಲದು, ಧರಿಸಿ ಎಲ್ಲ ಪಟ್ಟಿಗಳನ್ನೂ ಬಿಗಿಯಬೇಕು. ವಯಸ್ಕರ ಕಯಾಕ್ ಜಾಕೆಟ್‌ಗೆ ಕನಿಷ್ಠ 50 ನ್ಯೂಟನ್ ತೇಲುವ ಬಲವಿರಲಿ (ಐಎಸ್ಒ 12402-5 ಗುರುತು).
2) ಈಜು ಬಾರದವರು ಮೊದಲು ಈಜು ಕಲಿಯತಕ್ಕದ್ದು.
3) ಮಗುಚಿದ ದೋಣಿಯಿಂದ ಹೊರಬರುವುದನ್ನೂ ನೀರಿನಿಂದಲೇ ಮತ್ತೆ ದೋಣಿ ಹತ್ತುವುದನ್ನೂ ಈಜುಕೊಳದಲ್ಲಿ ಹತ್ತಾರು ಬಾರಿ ಅಭ್ಯಾಸ ಮಾಡಬೇಕು. ಹತ್ತಲು ಬಾರದವರು ದಡದಿಂದ ದೂರ ಹೋಗಕೂಡದು.
4) ಬಿದ್ದಾಗ ದೋಣಿಯನ್ನು ಬಿಡಬಾರದು. ಅದು ಮಗುಚಿದ್ದರೂ ತೇಲುತ್ತದೆ. ಕೆಸರಿನಲ್ಲಿ ನಿಲ್ಲಲು ಯತ್ನಿಸದೆ, ದೋಣಿ ಹಿಡಿದು ಕಾಲು ಬಡಿಯುತ್ತಾ ದಡಕ್ಕೆ ಬರಬೇಕು.
5) ಕೋಡಿ ಹರಿಯುತ್ತಿರುವಾಗ ಕೆರೆಗೆ ಇಳಿಯಲೇಬಾರದು. ತೂಬು ತೆರೆದಿರುವಾಗ ಅದರ ಬಳಿಗೆ ಹೋಗಬಾರದು. ಅಲ್ಲಿನ ಸೆಳೆತ ಮೇಲ್ನೋಟಕ್ಕೆ ಕಾಣುವುದಿಲ್ಲ.
6) ಬೆಳಗಿನ ಹೊತ್ತು ಗಾಳಿ ಕಡಿಮೆ. ಮೊದಲು ಗಾಳಿಗೆ ಎದುರಾಗಿ ಹೋಗಿ, ಹಿಂದಿರುಗುವಾಗ ಗಾಳಿಯೊಡನೆ ಬರಬೇಕು. ಆಗ ದಣಿದಾಗ ಗಾಳಿಯೇ ನೆರವಾಗುತ್ತದೆ.
7) ಮಾರ್ಚ್‌ನಿಂದ ಮೇ ವರೆಗೆ ಶ್ರೀನಿವಾಸಪುರದ ಮಾವಿನ ತೋಪುಗಳಿಗೆ ಬೇಕಾಗುವ ಮುಂಗಾರುಪೂರ್ವ ಮಳೆ ಹೆಚ್ಚಾಗಿ ಮಧ್ಯಾಹ್ನದ ಮೇಲೆ ಗುಡುಗು, ಸಿಡಿಲು, ಬಿರುಗಾಳಿಯೊಡನೆ ಬರುತ್ತದೆ. ಗುಡುಗು ಕೇಳಿದ ಕೂಡಲೇ ದಡ ಸೇರಬೇಕು. ಕೊನೆಯ ಗುಡುಗು ಕೇಳಿ 30 ನಿಮಿಷ ಕಳೆಯುವವರೆಗೆ ಮತ್ತೆ ಇಳಿಯಬಾರದು.
8) ಒಬ್ಬರೇ ಹೋಗಬಾರದು. ಹೋಗುವ ಕೆರೆ ಮತ್ತು ಹಿಂದಿರುಗುವ ವೇಳೆಯನ್ನು ಮನೆಯಲ್ಲಿ ತಿಳಿಸಿರಬೇಕು. ಮೊಬೈಲ್ ದೂರವಾಣಿಯನ್ನು ನೀರು ಹೋಗದ ಚೀಲದಲ್ಲಿಟ್ಟು ಮೈಗೆ ಕಟ್ಟಿಕೊಳ್ಳಬೇಕು. ತುರ್ತು ಸಂದರ್ಭದಲ್ಲಿ 112ಕ್ಕೆ, ಆಂಬ್ಯುಲೆನ್ಸ್‌ಗಾಗಿ 108ಕ್ಕೆ ಕರೆ ಮಾಡಬಹುದು.
9) ಗಾಯವಿದ್ದರೆ ನೀರಿಗೆ ಇಳಿಯಬಾರದು. ಮನೆಗೆ ಬಂದ ಕೂಡಲೇ ಸೋಪು ಹಚ್ಚಿ ಸ್ನಾನ ಮಾಡಬೇಕು. ಮುಂದಿನ ದಿನಗಳಲ್ಲಿ ಜ್ವರ, ಮೈಕೈ ನೋವು ಕಂಡರೆ ವೈದ್ಯರಿಗೆ ಕೆರೆಯ ನೀರಿನಲ್ಲಿದ್ದ ವಿಷಯವನ್ನು ಹೇಳತಕ್ಕದ್ದು. ಇಲಿ ಜ್ವರ ಇಂತಹ ನೀರಿನಿಂದ ಹರಡಬಲ್ಲದು, ಬೇಗ ಗುರುತಿಸಿದರೆ ಚಿಕಿತ್ಸೆ ಸುಲಭ.

9. ಸಾಮಾನ್ಯವಾಗಿ ಏಳುವ ಪ್ರಶ್ನೆಗಳು

ಪ್ರಶ್ನೆ: ಸ್ಥಿರವಾದ ದೋಣಿ ಕೊಂಡರೆ ಕೆಲವೇ ತಿಂಗಳಲ್ಲಿ ಅದು ನಿಧಾನವೆನಿಸುವುದಿಲ್ಲವೇ?
ಉತ್ತರ: ನಾಲ್ಕೂವರೆ ಮೀಟರ್‌ನ ದೋಣಿಯ ಮಿತಿ ಗಂಟೆಗೆ ಸುಮಾರು 9.5 ಕಿ.ಮೀ. ಅದನ್ನು ಮುಟ್ಟಲು ಹೆಚ್ಚಿನವರಿಗೆ ವರ್ಷಗಳ ಅಭ್ಯಾಸ ಬೇಕು. ಅಲ್ಲಿಯವರೆಗೆ ವೇಗ ಹೆಚ್ಚಬೇಕಾದುದು ದೇಹದಿಂದ, ದೋಣಿಯಿಂದಲ್ಲ.

ಪ್ರಶ್ನೆ: ಮೀನುಗಾರರು ಥರ್ಮಾಕೋಲ್ ಅಥವಾ ಟ್ಯೂಬಿನ ತೆಪ್ಪದಲ್ಲಿ ಜಾಕೆಟ್ ಇಲ್ಲದೆ ಹೋಗುತ್ತಾರೆ. ವ್ಯಾಯಾಮ ಮಾಡುವವರಿಗೆ ಮಾತ್ರ ಏಕೆ ಬೇಕು?
ಉತ್ತರ: ಆ ಕೆರೆಯ ಪ್ರತಿ ಮೂಲೆಯನ್ನೂ ಅವರು ಬಲ್ಲರು, ಹೊಸಬರು ಬಲ್ಲವರಲ್ಲ. ಆದರೂ ಜಾಕೆಟ್ ಅವರಿಗೂ ಅಷ್ಟೇ ಅಗತ್ಯ.

ಪ್ರಶ್ನೆ: ದೋಣಿಯನ್ನು ಹೇಗೆ ಸಾಗಿಸಬೇಕು, ಎಲ್ಲಿ ಇಡಬೇಕು?
ಉತ್ತರ: ಕಾರಿನ ಮೇಲೆ ಮೆತ್ತೆಯಿರುವ ಅಡ್ಡಕಂಬಿಗಳ ಮೇಲೆ ಅಗಲ ಪಟ್ಟಿಗಳಿಂದ ಕಟ್ಟಿ, ಮುಂದಿನ ಹಿಂದಿನ ತುದಿಗಳಿಗೂ ಹಗ್ಗ ಬಿಗಿದು, ಹೊರಚಾಚಿದ ಹಿಂತುದಿಗೆ ಕೆಂಪು ಬಟ್ಟೆ ಕಟ್ಟಬೇಕು. ಪಾಲಿಥೀನ್ ದೋಣಿಯನ್ನು ಬಿಸಿಲಿನಲ್ಲಿ ಅತಿಯಾಗಿ ಬಿಗಿದರೆ ತಳ ತಗ್ಗುಬೀಳುತ್ತದೆ. ಮನೆಯಲ್ಲಿ ನೆರಳಿನಲ್ಲಿ ಬೋರಲಾಗಿ ಇಡುವುದು ಉತ್ತಮ.

ಪ್ರಶ್ನೆ: ಬೇಸಿಗೆಯಲ್ಲಿ ಕೆರೆ ತಗ್ಗಿದಾಗ ಅಪಾಯ ಕಡಿಮೆಯಲ್ಲವೇ?
ಉತ್ತರ: ಅಲ್ಲ. ನೀರು ತಗ್ಗಿದಂತೆ ಮೋಟು, ಸರಳುಗಳು ದೋಣಿಯ ತಳಕ್ಕೆ ಹತ್ತಿರವಾಗುತ್ತವೆ, ಕೆಸರು ಹೆಚ್ಚುತ್ತದೆ, ಗುಂಡಿಗಳ ಆಳ ಹಾಗೆಯೇ ಇರುತ್ತದೆ. ಆದರೆ ಆ ದಿನಗಳಲ್ಲಿ ದಡದಲ್ಲಿ ನಡೆದು ಕೆರೆಯಂಗಳವನ್ನು ಕಣ್ಣಾರೆ ನೋಡಿ, ಗುಂಡಿ ಮತ್ತು ಮೋಟುಗಳ ನಕ್ಷೆ ಬರೆದಿಟ್ಟುಕೊಂಡರೆ ಕೆರೆ ತುಂಬಿದಾಗ ಅದು ಬಹಳ ಉಪಯೋಗಕ್ಕೆ ಬರುತ್ತದೆ.

10. ಮುಕ್ತಾಯ

ಹಿರಿಯರು ಕಟ್ಟಿದ ಕೆರೆ ಮೊದಲು ಬೇಸಾಯಕ್ಕೆ, ದನಕರುಗಳಿಗೆ, ಅಂತರ್ಜಲಕ್ಕೆ ಮತ್ತು ಮೀನುಗಾರರ ಬದುಕಿಗೆ ಸೇರಿದ್ದು. ವ್ಯಾಯಾಮಕ್ಕೆಂದು ಬರುವವರು ಅಲ್ಲಿ ಅತಿಥಿಗಳು. ತಕ್ಕ ಉದ್ದ, ಸಾಕಷ್ಟು ಅಗಲ, ತಗ್ಗಿನ ಆಸನ, ಮೈಮೇಲೆ ಜಾಕೆಟ್, ಕಚೇರಿಯ ಒಪ್ಪಿಗೆ ಮತ್ತು ಮೀನುಗಾರರ ಸಲಹೆ – ಈ ಆರು ಇದ್ದರೆ ಕಯಾಕ್ ಒಳ್ಳೆಯ ವ್ಯಾಯಾಮವಾಗುತ್ತದೆ. ಇವುಗಳಲ್ಲಿ ಒಂದು ಇಲ್ಲದಿದ್ದರೂ ಆ ದಿನ ಏರಿಯ ಮೇಲೆ ನಡೆದು ಬರುವುದೇ ಒಳಿತು. ನಾಗರಿಕರು ಈ ಮಾಹಿತಿಯ ಪ್ರಯೋಜನವನ್ನು ಪಡೆದುಕೊಂಡು, ಸುರಕ್ಷತಾ ನಿಯಮಗಳನ್ನು ಪಾಲಿಸಿ ಸಹಕರಿಸಬೇಕೆಂದು ಕೋರಲಾಗಿದೆ.